ಅಡ್ಡಗೋಡೆಯ ಮೇಲೊಂದು ಮೊಬೈಲು

ನಮ್ಮ ಅಮ್ಮನಿಗೆ ದಿನಾ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಒಂದು ಮೆಸೇಜು ಬರುತ್ತದೆ. ಬಿಪಿ ಮಾತ್ರೆ ಮರೆಯಬೇಡಿ ಎಂದು. ಇಂಗ್ಲಿಷಿನಲ್ಲಿ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು, ಕನ್ನಡದಲ್ಲಿ. ಅದೂ ಮೆಸೇಜು ಬರುವುದು ಅಮ್ಮನ ಫೋನಿಗಲ್ಲ, ನನ್ನ ತಮ್ಮನ ಫೋನಿಗೆ. ಫಾರಂ ತುಂಬಿದವನು ಅವನು. ಅವನಿರುವುದು ಪುಣೆಯಲ್ಲಿ.

ಅಮ್ಮ ಮಾತ್ರೆ ತಪ್ಪಿಸುವುದಿಲ್ಲ. ಎದುರು ಮನೆಯಾಕೆ ರಂಗೋಲಿ ಹಾಕುತ್ತಾ "ಮಾತ್ರೆ ತಗೊಂಡ್ರಾ ಅಮ್ಮಾ?" ಎಂದು ಕೂಗುತ್ತಾರೆ. ಅಷ್ಟೇ ವ್ಯವಸ್ಥೆ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕತೆ ಬೇರೆ. ಮೆಸೇಜು ಹೋಗಿದೆ. ತಲುಪಿದೆ. ರೋಗಿಯ ಬಿಪಿ ಹತೋಟಿಯಲ್ಲಿದೆ. ಶಭಾಷ್. ನಾಳೆ ಯಾರಾದರೂ ಇದರ ಮೇಲೆ ಪ್ರಬಂಧ ಬರೆದರೆ ಯಶಸ್ಸು ಮೊಬೈಲಿನ ಖಾತೆಗೆ ಹೋಗುತ್ತದೆ. ಎದುರು ಮನೆಯಾಕೆಯ ಹೆಸರು ಅಡಿಟಿಪ್ಪಣಿಯಲ್ಲೂ ಇರುವುದಿಲ್ಲ.

ನಮ್ಮ ಮನೆಯ ಜೋಕು ಎಂದು ನಕ್ಕು ಬಿಡಬೇಡಿ. ಮೊಬೈಲಿನಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂದು ಜಗತ್ತು ಹತ್ತಿಪ್ಪತ್ತು ವರ್ಷದಿಂದ ಲೆಕ್ಕ ಹಾಕುತ್ತಿದೆ. ಲೆಕ್ಕದ ರೀತಿ ಹೆಚ್ಚುಕಡಿಮೆ ಇದೇ.

ಈ ಲೆಕ್ಕ ಹಾಕುವವರಿಗೆ ರಿವ್ಯೂ ಬರೆಯುವವರು ಎನ್ನುತ್ತಾರೆ. ಒಂದು ವಿಷಯದ ಮೇಲೆ ಜಗತ್ತಿನಲ್ಲಿ ನಡೆದ ಟ್ರಯಲುಗಳನ್ನೆಲ್ಲ, ಅಂದರೆ ಜನರ ಮೇಲೆ ಮಾಡಿದ ಪರೀಕ್ಷೆಗಳನ್ನೆಲ್ಲ, ಹುಡುಕಿ, ಜರಡಿ ಹಿಡಿದು, ಕೂಡಿಸಿ, ಕಳೆದು, "ಇದು ಕೆಲಸ ಮಾಡುತ್ತದೆ" ಅಥವಾ "ಮಾಡುವುದಿಲ್ಲ" ಎಂದು ಹೇಳುವುದು ಅವರ ಕೆಲಸ. ಹೇಳುತ್ತಾರೆಯೇ? ಆ ಮಾತಿಗೆ ಬರುತ್ತೇನೆ, ಇರಿ.

ಮೊದಲು ಹುಡುಕಾಟ. ಹುಡುಕುವುದು ಏನನ್ನು? ಮೊಬೈಲಿನ ಮೂಲಕ ಕೊಡುವ ಆರೋಗ್ಯ ಸೇವೆಯನ್ನು ಒಬ್ಬ ಎಂ-ಹೆಲ್ತ್ ಎನ್ನುತ್ತಾನೆ, ಇನ್ನೊಬ್ಬ ಇ-ಹೆಲ್ತ್, ಮತ್ತೊಬ್ಬ ಟೆಲಿಮೆಡಿಸಿನ್. ಈಗ ಎಲ್ಲರೂ ಡಿಜಿಟಲ್ ಹೆಲ್ತ್. ಅನುದಾನ ಕೊಡುವವರು ಯಾವ ಹೆಸರಿಗೆ ದುಡ್ಡು ಬಿಚ್ಚುತ್ತಾರೋ ಆ ವರ್ಷ ಅದೇ ಹೆಸರು. ಕೂಸು ಹಳೆಯದೇ, ನಾಮಕರಣ ಮಾತ್ರ ವರ್ಷಕ್ಕೊಂದು.

ಆಮೇಲೆ ಜರಡಿ. ಜರಡಿಯಲ್ಲಿ ಉಳಿಯುವುದೇನು? 2013ರಲ್ಲಿ ಕ್ಯಾರೊಲಿನ್ ಫ್ರೀ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಕೂತು ದೊಡ್ಡ ರಿವ್ಯೂ ಮಾಡಿದರು. ರೋಗಿಗಳಿಗಾಗಿ ಮೊಬೈಲು ಬಳಸಿದ 75 ಟ್ರಯಲುಗಳು ಸಿಕ್ಕವು. ಪಕ್ಷಪಾತದ ಅಪಾಯ ಕಡಿಮೆ ಎನ್ನಬಹುದಾದವು ಎಷ್ಟು? 4. ಡಾಕ್ಟರು, ನರ್ಸುಗಳ ಕೆಲಸ ಸುಧಾರಿಸಲು ಮೊಬೈಲು ಬಳಸಿದ 42 ಟ್ರಯಲುಗಳನ್ನೂ ನೋಡಿದರು. ಅವುಗಳಲ್ಲಿ ನಂಬಿಕಸ್ಥವು? ಸೊನ್ನೆ.

ಮತ್ತೊಂದು ಸಂಗತಿ. ಮೊದಲ ಕಂತೆಯ 75ರಲ್ಲಿ ಬಹುಪಾಲು ಶ್ರೀಮಂತ ದೇಶಗಳಲ್ಲಿ ನಡೆದವು. ಮೊಬೈಲ್ ಆರೋಗ್ಯ ಯಾರಿಗಾಗಿ ಎಂದು ಆಗ ಭಾಷಣ ಬಿಗಿಯುತ್ತಿದ್ದರು? ಬಡ ದೇಶಗಳಿಗೆ. ಡಾಕ್ಟರಿಲ್ಲದ ಊರಿಗೆ. ರಸ್ತೆಯಿಲ್ಲದ ಹಾಡಿಗೆ. ಪುರಾವೆ ಲಂಡನ್ನಿನದು, ಭಾಷಣ ಹಾಡಿಯದು.

ಅಂದಮಾತ್ರಕ್ಕೆ ಎಲ್ಲ ಬುರುಡೆ ಎನ್ನಲಾರೆ. ಬ್ರಿಟನ್ನಿನಲ್ಲಿ ಬೀಡಿ ಸಿಗರೇಟು ಬಿಡಿಸಲು 5,800 ಜನರ ಮೇಲೆ ಒಂದು ಟ್ರಯಲ್ ನಡೆಯಿತು. ಪ್ರೋತ್ಸಾಹದ ಮೆಸೇಜು ಪಡೆದವರಲ್ಲಿ ಆರು ತಿಂಗಳು ಸಿಗರೇಟು ಮುಟ್ಟದವರು ನೂರಕ್ಕೆ 10.7, ಉಳಿದವರಲ್ಲಿ 4.9. ಬಾಯಿಮಾತು ನಂಬಲಿಲ್ಲ, ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡರು. ಹೀಗಿರಬೇಕು. ಹೀಗಿರುವುದು ಬೆರಳೆಣಿಕೆಯಷ್ಟು. ಉಳಿದ ಎಷ್ಟೋ ಸಂಶೋಧಕರು ರೋಗಿಯನ್ನೇ ಕೇಳುತ್ತಾರೆ, "ಮಾತ್ರೆ ತಗೊಂಡಿರಾ?" ಅವನು ಹೌದು ಎನ್ನುತ್ತಾನೆ. ಬರೆದುಕೊಳ್ಳುತ್ತಾರೆ. ಮೇಷ್ಟ್ರು ಹುಡುಗನನ್ನೇ "ಹೋಂವರ್ಕ್ ಮಾಡಿದೆಯಾ?" ಎಂದು ಕೇಳಿ ಅಂಕ ಕೊಟ್ಟಂತೆ.

ಈಗ ಕೂಡಿಸುವ ಕೆಲಸ. ಇಲ್ಲಿ ನನ್ನ ಪಿತ್ತ ನೆತ್ತಿಗೇರುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2010ರಲ್ಲಿ ಕೆನ್ಯಾದಿಂದ ಒಳ್ಳೆಯ ಸುದ್ದಿ ಬಂತು. ಎಚ್‌ಐವಿ ಔಷಧ ಶುರುಮಾಡಿದ 538 ಜನ. ಒಂದು ಗುಂಪಿಗೆ ವಾರಕ್ಕೊಂದು ಮೆಸೇಜು: "ಮಂಬೊ?" ಸ್ವಾಹಿಲಿಯಲ್ಲಿ "ಹೇಗಿದ್ದೀರಿ?" ಎಂದಷ್ಟೇ. ಮಾತ್ರೆಯ ಮಾತೇ ಇಲ್ಲ. "ಸಾವಾ" ಎಂದರೆ ಚೆನ್ನಾಗಿದ್ದೇನೆ. "ಶೀದಾ" ಎಂದರೆ ತೊಂದರೆಯಲ್ಲಿದ್ದೇನೆ. ತೊಂದರೆ ಎಂದವರಿಗೂ, ಎರಡು ದಿನ ಕಳೆದರೂ ಉತ್ತರಿಸದವರಿಗೂ ಕ್ಲಿನಿಕ್ಕಿನಿಂದ ಒಬ್ಬರು ಫೋನ್ ಮಾಡುತ್ತಿದ್ದರು. ಔಷಧವನ್ನು ಸರಿಯಾಗಿ ತೆಗೆದುಕೊಂಡವರು ಈ ಗುಂಪಿನಲ್ಲಿ ನೂರಕ್ಕೆ 62. ಇನ್ನೊಂದರಲ್ಲಿ 50.

ಕೆನ್ಯಾದಲ್ಲೇ ಇನ್ನೊಂದು ಟ್ರಯಲ್ ನಡೆಯಿತು. ವಾರಕ್ಕೊಮ್ಮೆ ನೆನಪಿಸಿದರೆ ಉಪಯೋಗ, ದಿನಾ ನೆನಪಿಸಿದರೆ ಇಲ್ಲ ಎಂದು ಅದು ಹೇಳಿತು. (ನಮ್ಮ ಅಮ್ಮನ ಆಸ್ಪತ್ರೆಯವರು ಅದನ್ನು ಓದಿದ ಹಾಗಿಲ್ಲ.)

2012ರಲ್ಲಿ ಕಾಕ್ರೇನ್ ರಿವ್ಯೂ ಬಂತು. ವೈದ್ಯಲೋಕದಲ್ಲಿ ಕಾಕ್ರೇನ್ ಎಂದರೆ ಹೈಕೋರ್ಟ್ ತೀರ್ಪು. ಅದರಲ್ಲಿದ್ದದ್ದು ಇವೇ ಎರಡು ಟ್ರಯಲು, ಎರಡೂ ಒಂದೇ ದೇಶದವು. ತೀರ್ಪು: ವಾರಕ್ಕೊಮ್ಮೆ ಮೆಸೇಜು ಕಳಿಸಿದರೆ ಫಲವಿದೆ, ಪುರಾವೆ ಉತ್ತಮ ಗುಣಮಟ್ಟದ್ದು.

ಶಾಯಿ ಒಣಗುವ ಮೊದಲೇ ಕ್ಯಾಮರೂನಿನಿಂದ ಸುದ್ದಿ. 200 ಜನ, ವಾರಕ್ಕೊಂದು ಮೆಸೇಜು, ಫಲ ಇಲ್ಲ. 2014ರಲ್ಲಿ ನಮ್ಮದೇ ಸರದಿ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ 631 ಎಚ್‌ಐವಿ ರೋಗಿಗಳ ಮೇಲೆ ಸುಮಾರು ಎರಡು ವರ್ಷ ಟ್ರಯಲ್ ನಡೆಸಿದರು. ವಾರವಾರವೂ ಯಂತ್ರದಿಂದ ಧ್ವನಿಕರೆ, ಜೊತೆಗೆ ಚಿತ್ರದ ಮೆಸೇಜು. ಓದಲು ಬಾರದವರಿಗೂ ತಲುಪಲಿ ಎಂದು. ಒಳ್ಳೆಯ ಯೋಚನೆ, ಅಚ್ಚುಕಟ್ಟು ಕೆಲಸ. ಫಲಿತಾಂಶ: ಫೋನ್ ಬಂದವರಿಗೂ ಬಾರದವರಿಗೂ ವ್ಯತ್ಯಾಸವಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ, ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅಚ್ಚು ಹಾಕಿಸಿದರು. ಸೋತದ್ದನ್ನು ಸೋತೆ ಎಂದು ಹೇಳುವ ವಿಜ್ಞಾನಿಗೆ ನನ್ನ ನಮಸ್ಕಾರ. ಆ ಜಾತಿ ಅಳಿವಿನಂಚಿನಲ್ಲಿದೆ.

ಈಗ ಹೇಳಿ. ಕೆನ್ಯಾದ "ಮಂಬೊ"ವನ್ನೂ ಕ್ಯಾಮರೂನಿನ ಮೆಸೇಜನ್ನೂ ಬೆಂಗಳೂರಿನ ಯಂತ್ರದ ಕರೆಯನ್ನೂ ಒಂದೇ ಪಾತ್ರೆಗೆ ಸುರಿದು ಕಡೆದರೆ ಬೆಣ್ಣೆ ಬರುತ್ತದೆಯೇ? ರಿವ್ಯೂನ ಕೋಷ್ಟಕದಲ್ಲಿ ಮೂರಕ್ಕೂ ಒಂದೇ ಕಾಲಂ: "ಮೊಬೈಲು: ಹೌದು." ಕೆನ್ಯಾದಲ್ಲಿ ಆ ಮೆಸೇಜಿನ ಹಿಂದೆ ಒಬ್ಬ ಮನುಷ್ಯ ಇದ್ದ. ಕಷ್ಟ ಎಂದರೆ ಫೋನ್ ತಿರುಗಿಸಿ ಕೇಳುವ ಮನುಷ್ಯ. ಆ ಮನುಷ್ಯನಿಗೆ ಕೋಷ್ಟಕದಲ್ಲಿ ಕಾಲಂ ಇಲ್ಲ.

ಪಾಪ, ರಿವ್ಯೂ ಬರೆಯುವವರನ್ನು ಮಾತ್ರ ಬಯ್ದು ಪ್ರಯೋಜನವಿಲ್ಲ. ಮೂಲ ಪ್ರಬಂಧದಲ್ಲೇ ಅದು ಇರುವುದಿಲ್ಲ. ಮೆಸೇಜು ಯಾವ ಭಾಷೆಯಲ್ಲಿ? ಎಷ್ಟು ಹೊತ್ತಿಗೆ? ಕರೆನ್ಸಿ ಹಾಕಿಸಿದ್ದು ಯಾರು? ಫೋನು ಯಾರ ಕೈಯಲ್ಲಿತ್ತು, ಹೆಂಡತಿಯದೋ ಗಂಡನದೋ? ಉತ್ತರ ಬಂದರೆ ಓದಿದವರು ಯಾರು? ಸಾಸಿವೆಯ ಗಾತ್ರದ ಸಂಖ್ಯಾಶಾಸ್ತ್ರವನ್ನು ಮೂರು ಪುಟ ಬರೆಯುವವರು, ಜನರಿಗೆ ಕೊನೆಗೂ ಕಳಿಸಿದ್ದೇನು ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೊನೆಗೆ 2016ರಲ್ಲಿ ತಜ್ಞರು ಸೇರಿ 16 ಅಂಶಗಳ ಪಟ್ಟಿ ಮಾಡಬೇಕಾಯಿತು. ಸಾರಾಂಶ: ದಯವಿಟ್ಟು ನೀವು ಏನು ಮಾಡಿದಿರಿ ಎಂಬುದನ್ನು ಹೇಳಿ. ಅಡುಗೆ ಪುಸ್ತಕ ಬರೆಯುವವರಿಗೆ "ಸಾಮಗ್ರಿ ಬರೆಯಿರಿ ಸ್ವಾಮಿ" ಎಂದು ಸುತ್ತೋಲೆ ಕಳಿಸಿದ ಹಾಗೆ.

ಇನ್ನು ನಮ್ಮ ರಾಜ್ಯದ್ದೇ ಒಂದು ಕತೆ. ಇದನ್ನು ಯಾವ ಮಂತ್ರಿಯ ಬಾಯಲ್ಲೂ ಕೇಳಿಲ್ಲ, ಕೇಳುವ ಭರವಸೆಯೂ ಇಲ್ಲ.

ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂ-ವೆಲ್‌ಕೇರ್ ಎಂಬ ಟ್ರಯಲ್ ನಡೆಯಿತು. ಬಿಪಿ ಅಥವಾ ಶುಗರ್ ಇದ್ದ 3,698 ಜನ. ಅರ್ಧ ಕೇಂದ್ರಗಳಲ್ಲಿ ನರ್ಸಿನ ಕೈಗೆ ಟ್ಯಾಬ್ಲೆಟ್ಟು. ಅದರಲ್ಲಿ ರೋಗಿಯ ವಿವರ ತುಂಬಿದರೆ ಯಾವ ಔಷಧ, ಎಷ್ಟು ಎಂದು ಅದೇ ಸಲಹೆ ಕೊಡುತ್ತದೆ. ರೋಗಿಗೆ ನೆನಪಿಸುವ ಮೆಸೇಜೂ ಹೋಗುತ್ತದೆ. ಉಳಿದರ್ಧ ಕೇಂದ್ರಗಳಿಗೆ ಕೊಟ್ಟದ್ದು ಡಾಕ್ಟರು, ನರ್ಸುಗಳಿಗೆ ತರಬೇತಿ, ಚಿಕಿತ್ಸೆಯ ಕ್ರಮ ತಿಳಿಸುವ ಚಾರ್ಟು, ರೋಗಿಗಳಿಗೆ ಕರಪತ್ರ. ಅಷ್ಟೆ.

ಒಂದು ವರ್ಷ ಬಿಟ್ಟು ನೋಡಿದರು. ಎರಡೂ ಕಡೆ ಬಿಪಿ ಇಳಿದಿತ್ತು. ಚೆನ್ನಾಗಿಯೇ ಇಳಿದಿತ್ತು. ಎರಡರ ನಡುವೆ ವ್ಯತ್ಯಾಸ? ಇಲ್ಲ.

ಇನ್ನೊಮ್ಮೆ ಓದಿ. ಟ್ಯಾಬ್ಲೆಟ್ಟಿಗೂ ಚಾರ್ಟಿಗೂ ವ್ಯತ್ಯಾಸ ಇಲ್ಲ.

ಇದನ್ನು ಓದಿದ ಯಾವ ತಲೆ ನೆಟ್ಟಗಿರುವ ಸರ್ಕಾರವಾದರೂ ಏನು ಮಾಡಬೇಕಿತ್ತು? "ಅರೆ, ತರಬೇತಿ ಪಡೆದ ಒಬ್ಬ ನರ್ಸು ಮತ್ತು ಒಂದು ಚಾರ್ಟು ಇದ್ದರೆ ಬಿಪಿ ಇಳಿಯುತ್ತದಂತೆ, ಮೊದಲು ಖಾಲಿ ಬಿದ್ದಿರುವ ನರ್ಸ್ ಹುದ್ದೆ ತುಂಬಿ" ಎನ್ನಬೇಕಿತ್ತು. ಆದರೆ ನರ್ಸ್ ಹುದ್ದೆ ತುಂಬಿದರೆ ರಿಬ್ಬನ್ ಕತ್ತರಿಸಲು ಬರುವುದಿಲ್ಲ. ಚಾರ್ಟನ್ನು ಲೋಕಾರ್ಪಣೆ ಮಾಡಿದ ಮಂತ್ರಿಯನ್ನು ನೀವು ನೋಡಿದ್ದೀರಾ? ನಾನು ನೋಡಿಲ್ಲ. ಆಪ್ ಆದರೆ ಬಟನ್ ಒತ್ತಬಹುದು, ಹಿಂದೆ ಪರದೆ ಬೆಳಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ರಿವ್ಯೂನಲ್ಲಿ ಈ ಟ್ರಯಲ್ ಹೇಗೆ ದಾಖಲಾಗುತ್ತದೆ ಗೊತ್ತೇ? "ಮೊಬೈಲ್ ಮಧ್ಯಪ್ರವೇಶ: ಪರಿಣಾಮವಿಲ್ಲ." ಅಲ್ಲಿಗೆ ಮುಗಿಯಿತು. ಎರಡೂ ಕಡೆ ಬಿಪಿ ಇಳಿಸಿದ ಆ ಡಾಕ್ಟರು, ನರ್ಸು, ಚಾರ್ಟುಗಳು ವ್ಯತ್ಯಾಸದ ಲೆಕ್ಕದಲ್ಲಿ ಕಳೆದುಹೋಗುತ್ತವೆ. ನಮ್ಮ ಎದುರು ಮನೆಯಾಕೆಯ ಹಾಗೆ.

ಇನ್ನು ಆಪ್‌ಗಳು. 2017ರ ಹೊತ್ತಿಗೆ ಆರೋಗ್ಯದ ಆಪ್‌ಗಳು 3,18,000 ದಾಟಿದ್ದವು. ಮರುವರ್ಷ ಆಸ್ಟ್ರೇಲಿಯಾದ ಸಂಶೋಧಕರು ಒಂದು ಸರಳ ಪ್ರಶ್ನೆ ಕೇಳಿದರು: ಇವುಗಳಲ್ಲಿ ಡಾಕ್ಟರು ಚೀಟಿಯಲ್ಲಿ ಬರೆದುಕೊಡಬಹುದಾದವು ಯಾವುವು? ರಿವ್ಯೂಗಳನ್ನೆಲ್ಲ ಜಾಲಾಡಿದಾಗ ಸರಿಯಾದ ಟ್ರಯಲಿಗೆ ಒಡ್ಡಿಕೊಂಡು ಇನ್ನೂ ಮಾರುಕಟ್ಟೆಯಲ್ಲಿದ್ದ ಆಪ್‌ಗಳು ಸಿಕ್ಕಿದ್ದು 22. ಅವುಗಳ 23 ಟ್ರಯಲುಗಳಲ್ಲಿ ಹೇಳಿಕೊಳ್ಳುವಂಥ ಫಲ ತೋರಿದವು 11. ಪುರಾವೆಯ ಗುಣಮಟ್ಟ ಒಟ್ಟಾರೆ ತೀರಾ ಕಳಪೆ ಎಂದು ಅವರೇ ಬರೆದರು.

ಹಾಗಾದರೆ ಉಳಿದ ಮೂರು ಲಕ್ಷ? ನಂಬಿಕೆಯ ಮೇಲೆ ನಡೆಯುತ್ತಿವೆ. ಅಮೆರಿಕದಲ್ಲಿ ಒಂದು ಆಪ್ ಇತ್ತು. ಕ್ಯಾಮೆರಾ ಮೇಲೆ ಬೆರಳಿಟ್ಟು ಫೋನನ್ನು ಎದೆಗೆ ಒತ್ತಿದರೆ ಬಿಪಿ ಎಷ್ಟೆಂದು ಹೇಳುತ್ತಿತ್ತು. ಕಡಿಮೆಯೆಂದರೂ 1,48,000 ಪ್ರತಿ ಮಾರಾಟವಾಯಿತು. ಮಾರಿ ಮುಗಿಸಿದ ಮೇಲೆ, 2016ರಲ್ಲಿ ಸಂಶೋಧಕರು ಪರೀಕ್ಷಿಸಿ ನೋಡಿದರೆ, ಬಿಪಿ ಇದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು "ನಿಮಗೇನೂ ಇಲ್ಲ" ಎನ್ನುತ್ತಿತ್ತು. ಅದಕ್ಕೂ ಮೊದಲು, 2011ರಲ್ಲಿ, ಫೋನಿನ ಬೆಳಕಿನಿಂದ ಮೊಡವೆ ಮಾಯ ಎಂದು ಹೇಳಿ ದುಡ್ಡು ಮಾಡಿದ ಎರಡು ಆಪ್‌ಗಳನ್ನು ಅಲ್ಲಿನ ವ್ಯಾಪಾರ ಆಯೋಗ ನಿಲ್ಲಿಸಬೇಕಾಯಿತು. ಒಂದನ್ನು ಕೊಂಡವರು 11,600 ಜನ. ನಮ್ಮ ಜನ ತಾಯಿತ ಕಟ್ಟಿಕೊಂಡರೆ ಮೂಢನಂಬಿಕೆ. ಅಮೆರಿಕದವರು ಮೊಡವೆಗೆ ಟಾರ್ಚ್ ಬಿಟ್ಟುಕೊಂಡರೆ ಇನ್ನೊವೇಶನ್.

ಪರೀಕ್ಷೆ ಮಾಡುವವರು ಯಾರೆಂದೂ ನೋಡಿ. ಎಷ್ಟೋ ಸಲ ಆಪ್ ಮಾಡಿದವರೇ ಪರೀಕ್ಷೆಯನ್ನೂ ಮಾಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣದ ತೂಕ, ಬಣ್ಣ, ಬಾಲದ ಉದ್ದ ಎಲ್ಲವೂ ಪ್ರಬಂಧದಲ್ಲಿ ಬರುತ್ತದೆ. ಸತ್ತ ಹೆಗ್ಗಣಗಳ ಬಗ್ಗೆ ಪ್ರಬಂಧ ಬರುವುದಿಲ್ಲ. ರಿವ್ಯೂ ಬರೆಯುವವರ ಕೈಗೆ ಸಿಗುವುದು ಬದುಕಿದ ಹೆಗ್ಗಣಗಳ ಫೋಟೋ ಮಾತ್ರ.

ಯಾರ ಮೇಲೆ ಪರೀಕ್ಷೆ ಎಂಬುದೂ ಮಜವಾಗಿದೆ. ಮೆಸೇಜಿನಿಂದ ಸಕ್ಕರೆ ಕಾಯಿಲೆ ತಡೆಯಬಹುದೇ ಎಂದು ಚೆನ್ನೈನ ಎ. ರಾಮಚಂದ್ರನ್ ಅವರ ತಂಡ 537 ಜನರನ್ನು ಎರಡು ವರ್ಷ ಹಿಂಬಾಲಿಸಿತು. ಕಾಯಿಲೆಗೆ ಬಿದ್ದವರು ನೂರಕ್ಕೆ 27ರಿಂದ 18ಕ್ಕೆ ಇಳಿದರು. ಗಟ್ಟಿ ಕೆಲಸ, ಒಪ್ಪುತ್ತೇನೆ. ಆದರೆ 537 ಜನರೂ ಉದ್ಯೋಗದಲ್ಲಿದ್ದ ಗಂಡಸರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾವೇ ಬಳಸುವ ಮೊಬೈಲು ಇರುವ ಹೆಂಗಸರು ನೂರಕ್ಕೆ 54. ಉಳಿದ 46 ಜನರಿಗೆ ಆ ಫಲಿತಾಂಶವನ್ನು ಅನ್ವಯಿಸುವುದು ಹೇಗೆ? ಗಂಡನ ಫೋನಿಗೆ ಮೆಸೇಜು ಕಳಿಸಿ, ಅವನು ಮೂಡಿನಲ್ಲಿದ್ದರೆ ಓದಿ ಹೇಳುತ್ತಾನೆ ಎಂದು ಕಾಯುವುದೇ?

ಈಗ ಗಡಿಯಾರ ನೋಡೋಣ. ಒಂದು ಟ್ರಯಲಿಗೆ ಮೊದಲ ರೋಗಿ ಸೇರುವುದರಿಂದ ಪ್ರಬಂಧ ಅಚ್ಚಾಗುವವರೆಗೆ ಐದಾರು ವರ್ಷ ಸಲೀಸಾಗಿ ಹಿಡಿಯುತ್ತದೆ. ಅಂಥವನ್ನು ಕಲೆಹಾಕಿ ರಿವ್ಯೂ ಬರೆಯಲು ಸರಾಸರಿ ಮತ್ತೆ 67 ವಾರ. ಅಷ್ಟರಲ್ಲಿ ಫೋನು ಬದಲಾಗಿರುತ್ತದೆ, ನೆಟ್‌ವರ್ಕು ಬದಲಾಗಿರುತ್ತದೆ, ಕಂಪನಿ ಮುಚ್ಚಿರುತ್ತದೆ. ಎಸ್ಸೆಮ್ಮೆಸ್ಸಿನ ಮೇಲೆ ಪಕ್ಕಾ ಪುರಾವೆ ಸಿದ್ಧವಾಗುವ ಹೊತ್ತಿಗೆ ಊರಿಗೂರೇ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾ ಕೂತಿದೆ. ಈಗ ಎಸ್ಸೆಮ್ಮೆಸ್ಸು ಕಳಿಸುವುದು ಬ್ಯಾಂಕಿನವರು ಮತ್ತು ಮೋಸಗಾರರು ಮಾತ್ರ.

ಹಾಗೆಂದು ಸರ್ಕಾರ ಕಾಯುತ್ತದೆಯೇ? ಗರ್ಭಿಣಿ, ಬಾಣಂತಿಯರಿಗೆ ವಾರಕ್ಕೊಂದು ಧ್ವನಿಕರೆ ಮಾಡುವ ಕಿಲ್ಕಾರಿ ಎಂಬ ಯೋಜನೆ ಇದೆ. ಒಟ್ಟು 72 ಕರೆ. ಬಿಹಾರದಲ್ಲಿ ಶುರುವಾಗಿ 2016ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ಮಧ್ಯಪ್ರದೇಶದ 5,095 ಗರ್ಭಿಣಿಯರ ಮೇಲೆ ನಡೆದ ಟ್ರಯಲಿನ ಫಲಿತಾಂಶ ಬಂದದ್ದು ಯಾವಾಗ? 2022ರಲ್ಲಿ. ಮಗುವಿಗೆ ಎದೆಹಾಲು ಮಾತ್ರ ಕೊಡುವ ವಿಷಯದಲ್ಲಿ ವ್ಯತ್ಯಾಸವಿಲ್ಲ. ಗರ್ಭನಿರೋಧಕದ ಬಳಕೆ ತುಸು ಹೆಚ್ಚಿತು. ಕೋಟಿಗಟ್ಟಲೆ ಹೆಂಗಸರಿಗೆ ಫೋನ್ ಮಾಡುವ ಮುಂಚೆ ತಿಳಿಯಬೇಕಾದದ್ದು, ಮಾಡಿದ ಮೇಲೆ ತಿಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಿಲ್ಕಾರಿಯವರು ಬಾಗಿಲನ್ನಾದರೂ ಹಾಕಿದರು. ಉಳಿದವರ ಕೋಟೆಗೆ ಬಾಗಿಲೇ ಇಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಮೀಕ್ಷೆ ಮಾಡಿದಾಗ ನೂರಕ್ಕೆ 83 ದೇಶಗಳು "ನಮ್ಮಲ್ಲಿ ಮೊಬೈಲ್ ಆರೋಗ್ಯ ಇದೆ" ಎಂದು ಎದೆ ತಟ್ಟಿಕೊಂಡಿದ್ದವು. ಅದರ ಮೌಲ್ಯಮಾಪನ ಮಾಡಿದ್ದೇವೆ ಎಂದವು ನೂರಕ್ಕೆ 12.

ಈಗ ತೀರ್ಪಿನ ಮಾತು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ರಿವ್ಯೂ ಬರೆಯುವವರು ಕೊನೆಗೆ ಹೇಳುವುದೇನು? ಎರಡೇ ವಾಕ್ಯ. ನೂರು ರಿವ್ಯೂ ಓದಿ, ಅದೇ ಎರಡು ವಾಕ್ಯ. "ಫಲಿತಾಂಶ ಭರವಸೆದಾಯಕವಾಗಿದೆ." "ಇನ್ನಷ್ಟು ಸಂಶೋಧನೆ ಅಗತ್ಯ." ಇದಕ್ಕೆ ನಮ್ಮ ಹಿರಿಯರು ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಿದ್ದರು. ಈ ಕಡೆಗೂ ಬೆಳಕು, ಆ ಕಡೆಗೂ ಬೆಳಕು. ಆಪ್ ಮಾರುವವನು ಮೊದಲ ವಾಕ್ಯ ಕತ್ತರಿಸಿ ಜಾಹೀರಾತಿಗೆ ಹಾಕಿಕೊಳ್ಳುತ್ತಾನೆ. ಸಂಶೋಧಕ ಎರಡನೆಯದನ್ನು ಕತ್ತರಿಸಿ ಅನುದಾನದ ಅರ್ಜಿಗೆ ಅಂಟಿಸುತ್ತಾನೆ. ಇಬ್ಬರ ಹೊಟ್ಟೆಯೂ ತುಂಬಿತು. 2018ರಲ್ಲಿ ರಿವ್ಯೂಗಳ ಮೇಲೇ ಒಂದು ರಿವ್ಯೂ ಬಂತು. 23 ರಿವ್ಯೂ, 371 ಅಧ್ಯಯನ, 79,665 ರೋಗಿಗಳು. ಅಷ್ಟು ಜನರನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೂ ಅದೇ ಗೋಡೆ, ಅದೇ ದೀಪ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಿಜಿಟಲ್ ಆರೋಗ್ಯಕ್ಕೆ ಮಾರ್ಗಸೂಚಿ ಕೊಟ್ಟಿತು. ಹೆಚ್ಚಿನ ಶಿಫಾರಸುಗಳಿಗೆ ಷರತ್ತು. ಹಲವಕ್ಕೆ ಆಧಾರವಾದ ಪುರಾವೆಯ ಖಾತ್ರಿ "ಕಡಿಮೆ", "ಅತಿ ಕಡಿಮೆ". ಅದನ್ನು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಓದುವವರು ಬೇಕಲ್ಲ.

ಇನ್ನು ಸರ್ಕಾರಿ ಆಪ್‌ಗಳಿಗೆ ದತ್ತಾಂಶವನ್ನು ಬೆರಳಲ್ಲಿ ಒತ್ತಿ ತುಂಬುವವರ ಮಾತನ್ನು ಯಾರೂ ಕೇಳುವುದಿಲ್ಲ. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ತಂದು ಸರ್ಕಾರಕ್ಕೇ ವಾಪಸು ಕೊಟ್ಟರು. ಫೋನು ಕೆಲಸ ಮಾಡುವುದಿಲ್ಲ, ಆಪ್ ಇಂಗ್ಲಿಷಿನಲ್ಲಿದೆ ಎಂದು. ನನ್ನ ಪ್ರಕಾರ ಇಡೀ ದೇಶದಲ್ಲಿ ನಡೆದ ಅತಿ ಸ್ಪಷ್ಟ ಮೌಲ್ಯಮಾಪನ ಅದು. ಯಾವ ರಿವ್ಯೂನಲ್ಲಿ ಸೇರಿಸುತ್ತೀರಿ? ನಮ್ಮಲ್ಲಿ ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣದಿದ್ದರೆ ದುಡ್ಡು ಬರುವುದಿಲ್ಲ ಎಂಬುದು ಅವರ ಹಳೆಯ ದೂರು. ಮನೆಮನೆ ತಿರುಗಿ "ಮಾತ್ರೆ ತಗೊಂಡ್ರಾ ಅಕ್ಕಾ?" ಎಂದು ಕೇಳುವವಳಿಗೆ ಸಂಬಳವಿಲ್ಲ, ಗೌರವಧನ. ಕೇಳಿದ್ದನ್ನು ದಾಖಲಿಸುವ ಯಂತ್ರಕ್ಕೆ ಟೆಂಡರು.

ಮಾಡುವ ಮನಸ್ಸಿದ್ದರೆ ಏನು ಮಾಡಬಹುದು ಎಂದು ಕೇಳುತ್ತೀರಾ? ಒಂದು ಬಡ ದೇಶ ಮಾಡಿ ತೋರಿಸಿದೆ. ಉಗಾಂಡದಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಮೊಬೈಲ್ ಆರೋಗ್ಯದ ಪೈಲಟ್ ಯೋಜನೆಗಳೇ. ಒಬ್ಬರ ಆಪ್ ಇನ್ನೊಬ್ಬರದರ ಜೊತೆ ಮಾತಾಡುತ್ತಿರಲಿಲ್ಲ. ಅನುದಾನ ಮುಗಿದ ದಿನ ಆಪ್ ಸಾಯುತ್ತಿತ್ತು. ಈ ರೋಗಕ್ಕೆ ಪೈಲಟೈಟಿಸ್ ಎಂದು ಹೆಸರೇ ಬಿತ್ತು. 2012ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಒಂದು ಪತ್ರ ಬರೆಯಿತು: ಎಲ್ಲ ನಿಲ್ಲಿಸಿ, ನಮ್ಮ ಒಪ್ಪಿಗೆ ಸಿಕ್ಕ ಮೇಲೆ ಮುಂದಿನ ಮಾತು.

ವಿಕಾಸಸೌಧದಲ್ಲಿ ಯಾರಿಗಾದರೂ ಆ ಪತ್ರದ ಕನ್ನಡ ಅನುವಾದ ಬೇಕಿದ್ದರೆ ಹೇಳಿ ಕಳಿಸಿ. ಪುಕ್ಕಟೆ ಮಾಡಿಕೊಡುತ್ತೇನೆ. ಆದರೆ ಹೇಳಿ ಕಳಿಸುವುದು ಮನುಷ್ಯರ ಕೈಯಲ್ಲಿ ಆಗಲಿ, ಮೆಸೇಜು ಮಾಡಬೇಡಿ. ಅದು ಪುಣೆಗೆ ಹೋಗುತ್ತದೆ.